ಬೀಗರು ಬಾಗಿಲಲ್ಲಿ, ನಾನು ಹಾಡಿನಲ್ಲಿ

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನೇಸರಗಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನನ್ನ ತಂಗಿ ರೂಪಾಳ ಮದುವೆ ನಡೆಯಿತು. ನಡೆಯಿತು ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆ ಮುಂಜಾನೆ ಅದು ನನ್ನಿಂದಾಗಿ ನಿಂತೇಹೋಗುವುದರಲ್ಲಿತ್ತು.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ನಾನು ಬೈಲಹೊಂಗಲದಲ್ಲಿ ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಮಷಿನ್ ಮುಂದೆ ಕುಳಿತರೆ ಕಿವಿಗೆ ಇಯರ್‌ಫೋನ್ ಬೇಕೇ ಬೇಕು. ಒಂದು ದಿನ ಭಾವಗೀತೆ ಮುಗಿದ ಮೇಲೆ ಮೊಬೈಲು ತಾನಾಗಿಯೇ ಯಾವುದೋ ದೇಶದ ರಾಕ್ ಹಾಡನ್ನು ಶುರು ಮಾಡಿತು. ಕೈಯಲ್ಲಿ ಬಟ್ಟೆ ಇತ್ತು, ಬದಲಿಸಲಾಗಲಿಲ್ಲ. ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ನನ್ನ ಕಾಲು ಪೆಡಲ್ ತುಳಿಯತೊಡಗಿತು. ಎರಡು ತೋಳು ಹೊಲಿದು ಮುಗಿದದ್ದೇ ಗೊತ್ತಾಗಲಿಲ್ಲ. ಪಾಪ್, ರಾಕ್, ಸೋಲ್ ಎಂಬ ಹೆಸರುಗಳೆಲ್ಲ ಆಮೇಲೆ ತಿಳಿದವು. ಲಕ್ಷಗಟ್ಟಲೆ ಜನ ಕೇಳಿದ ಹಾಡು ನನಗೆ ಬೇಡ. ಇನ್ನೂರು ಮುನ್ನೂರು ಮಂದಿ ಕೇಳಿ ಬಿಟ್ಟುಹೋದ ಹಾಡು ಕಂಡರೆ, ಸಂತೆಯಲ್ಲಿ ಯಾರೂ ಮಾತಾಡಿಸದೆ ಕುಳಿತ ಮುದುಕಿಯನ್ನು ಕಂಡಂತಾಗಿ ಅಲ್ಲೇ ನಿಲ್ಲುತ್ತೇನೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ.

"ತಿಳೀಲಾರದ ಹಾಡು ಏನ್ ಕೇಳ್ತಿ?" ಎಂದು ಯಜಮಾನರು ಕಾಡಿಸುತ್ತಾರೆ.

"ನಿಮ್ಮ ಗೊರಕಿ ತಿಳೀತೈತೇನ್ರಿ? ಅದನ್ನ ದಿನಾ ಕೇಳಂಗಿಲ್ಲೇನು?" ಎನ್ನುತ್ತೇನೆ.

ಇರಲಿ, ಮದುವೆಗೆ ಬರುತ್ತೇನೆ. ಗಂಡಿನವರು ರಾಮದುರ್ಗ ತಾಲೂಕಿನ ಸಾಲಹಳ್ಳಿಯವರು. ನಮ್ಮಲ್ಲಿ ಬೀಗರ ಬಸ್ಸು ಬಂದೊಡನೆ ಹೆಣ್ಣಿನ ಕಡೆಯವರು ಬಾಗಿಲಿಗೆ ಹೋಗಿ, ಕಾಲಿಗೆ ನೀರು ಕೊಟ್ಟು, ಆರತಿ ಬೆಳಗಿ ಒಳಗೆ ಕರೆತರಬೇಕು. ಕರೆಯದೆ ಅವರು ಹೊಸ್ತಿಲು ದಾಟುವುದಿಲ್ಲ. ಬಸ್ಸು ಕಂಡಕೂಡಲೇ ಮೈಕಿನಲ್ಲಿ ಶಹನಾಯಿ ಹಚ್ಚುವುದು, ಅದು ಕೇಳಿದಕೂಡಲೇ ಎಲ್ಲರೂ ಬಾಗಿಲಿಗೆ ಓಡುವುದು ಎಂದು ಮಾತಾಗಿತ್ತು. ಹಿರಿಯ ಮಗಳೆಂದು ಆರತಿ ತಟ್ಟೆಯೂ ನನ್ನ ಕೈಯಲ್ಲಿ, ಬಸ್ಸು ನೋಡಿ ಶಹನಾಯಿ ಹಚ್ಚಿಸುವ ಕೆಲಸವೂ ನನ್ನದೇ. "ಯರಗಟ್ಟಿಗೆ ಬಂದೇವಿ, ಚಹಾ ಕುಡದು ಬರತೇವಿ" ಎಂದು ಫೋನ್ ಬಂತು. ಹಾಗಾದರೆ ಇನ್ನೂ ತಾಸು ಹೊತ್ತಿದೆ ಎಂದು ನಮ್ಮವರೆಲ್ಲ ಉಪ್ಪಿಟ್ಟು ತಿನ್ನಲು ಹಿಂದಿನ ಊಟದ ಮನೆಗೆ ಹೋದರು.

ನಾನು ಖಾಲಿ ಹಾಲ್‌ನಲ್ಲಿ ಆರತಿ ತಟ್ಟೆಗೆ ಹೂ ಜೋಡಿಸುತ್ತಿದ್ದೆ. ಮೈಕ್ ಸೆಟ್ಟಿನ ರಾಜೇಸಾಬ್ ಸ್ಪೀಕರ್ ಬಾಕ್ಸುಗಳನ್ನು ನಿಲ್ಲಿಸಿ, ಸರಿಯಾಗಿವೆಯೋ ಇಲ್ಲವೋ ನೋಡಲು ಒಂದು ಹಾಡು ಹಚ್ಚಿದ. ನನ್ನ ಕೈ ಅಲ್ಲೇ ನಿಂತಿತು.

ಒಬ್ಬ ಹೆಂಗಸು ಹಾಡುತ್ತಿದ್ದಳು. ಒರಟು ದನಿ, ಆದರೆ ಒಳಗೆ ಬೆಣ್ಣೆಯಿತ್ತು. ಹಾಡು ಗುರುತಿಸುವ ಆ್ಯಪ್ ತೆರೆದು ಮೊಬೈಲನ್ನು ಬಾಕ್ಸಿನ ಹತ್ತಿರ ಹಿಡಿದೆ. ಎರಡೆರಡು ಸಲ ಹುಡುಕಿ, ಸಿಗಲಿಲ್ಲ ಎಂದಿತು.

"ಇದ್ಯಾರ ಹಾಡು ಅಣ್ಣಾ?"

"ಯಾರಿಗ್ಗೊತ್ರಿ ಅಕ್ಕಾರ. ನಮ್ಮಣ್ಣ ಲಾರಿ ಹೊಡೀತಿದ್ದ, ಗೋವಾದಿಂದ ಕ್ಯಾಸೆಟ್ ತಂದಿದ್ದ. ಮ್ಯಾಲಿನ ಹೆಸರು ಅಳಿಸಿ ಹೋಗಿತ್ತು. ಈಗ ಪೆನ್‌ಡ್ರೈವಿಗೆ ಹಾಕ್ಸೇನಿ. ಇದರಾಗ ದಪ್ಪ ಸೌಂಡೂ ಐತಿ, ಸಣ್ಣ ಸೌಂಡೂ ಐತಿ. ಬಾಕ್ಸ್ ಹರದಿದ್ರ ತಟ್ಟನ ಗೊತ್ತಾಕ್ಕೈತಿ" ಎನ್ನುತ್ತ ನಿಲ್ಲಿಸಲು ಕೈ ಚಾಚಿದ.

"ತಡೀರಿ, ಪೂರ್ತಿ ಕೇಳೋಣು."

ಆತ ನಕ್ಕ. "ಇಪ್ಪತ್ತು ವರ್ಷ ಆತ್ರಿ, ನಾನೂ ಪೂರ್ತಿ ಕೇಳಿಲ್ಲ. ಎರಡು ನಿಮಿಷದಾಗ ಬಾಕ್ಸ್ ನೋಡೂದು ಮುಗೀತೈತಿ. ಅಷ್ಟರಾಗ ಯಾರರ ಬಂದ್ ಮಾಡೋ ಅಂತಾರ." ಆಮೇಲೆ ಏನನ್ನಿಸಿತೋ, ಹಾಡನ್ನು ಮೊದಲಿನಿಂದ ಹಚ್ಚಿ, ಸೌಂಡು ಏರಿಸಿ, ನನ್ನ ಪಕ್ಕದ ಕುರ್ಚಿಯನ್ನು ಒಂದಿಷ್ಟು ದೂರ ಎಳೆದುಕೊಂಡು ಕುಳಿತ.

ಆ ಏಳು ನಿಮಿಷವನ್ನು ಹೇಗೆ ಹೇಳಲಿ? ಕಿಟಕಿಯಿಂದ ಎಳೆಬಿಸಿಲು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ಮಂಟಪದ ಮಲ್ಲಿಗೆಯ ವಾಸನೆ ಫ್ಯಾನಿನ ಗಾಳಿಗೆ ಬಂದು ಹೋಗುತ್ತಿತ್ತು. ದಪ್ಪ ತಂತಿಯ ಸದ್ದು ನೆಲದೊಳಗಿಂದ ಬಂದು ಅಂಗಾಲಿಗೆ ತಾಗುತ್ತಿತ್ತು. ಹಾಡುವಾಕೆ ಯಾರನ್ನೋ ಕರೆಯುತ್ತಿದ್ದಳು, ಬರುವುದಿಲ್ಲ ಎಂದು ಗೊತ್ತಿದ್ದೂ ಕರೆಯುತ್ತಿದ್ದಳು, ಇಷ್ಟು ಮಾತ್ರ ನನಗೆ ತಿಳಿಯಿತು. ಕಣ್ಣು ಮುಚ್ಚಿಕೊಂಡೆ. ಕೊನೆಕೊನೆಗೆ ವಾದ್ಯಗಳು ಒಂದೊಂದಾಗಿ ನಿಂತವು. ಆಕೆಯೊಬ್ಬಳೇ ಉಳಿದು, ಮಾತು ಬಿಟ್ಟು, ಬರೀ ಗುನುಗಿದಳು. ಮತ್ತೆ ಅದೂ ನಿಂತಿತು.

ಆ ನಿಶ್ಶಬ್ದದಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಎದ್ದು ಬಾಗಿಲಿಗೆ ಓಡಿದೆ. ಚಹಾದ ಅಂಗಡಿಯಲ್ಲಿ ಗದ್ದಲವೆಂದು ಅವರು ಯರಗಟ್ಟಿಯಲ್ಲಿ ನಿಲ್ಲದೆ ಬಂದುಬಿಟ್ಟಿದ್ದರು. ಗಂಡಿನ ಕಾಕಾ ಶಿವಪ್ಪನವರ ಮುಖ ಕೆಂಪಗಾಗಿತ್ತು.

"ಎಷ್ಟೊತ್ತಾತು ನಿಂತು! ಹಾರ್ನ್ ಹೊಡದು ಹೊಡದು ಸಾಕಾತು. ಬರ್ರಿ ಅನ್ನಾಕ ಒಬ್ರೂ ಗತಿ ಇಲ್ಲ. ಒಳಗ ಕುಂತು ಹಾಡು ಹಚ್ಯಾರ! ಡ್ರೈವರ್, ಗಾಡಿ ತಿರುವು."

ಡ್ರೈವರ್ ನಿಜಕ್ಕೂ ಗಾಡಿ ಚಾಲೂ ಮಾಡಿದ. ಅಷ್ಟರಲ್ಲಿ ಅಪ್ಪ ಉಪ್ಪಿಟ್ಟಿನ ಕೈಯಲ್ಲೇ ಓಡಿಬಂದರು. ಬಂದವರೇ ನನ್ನ ಹಿಂದೆ ನಿಂತಿದ್ದ ರಾಜೇಸಾಬನ ಮೇಲೆ ಹರಿಹಾಯ್ದರು.

"ಶಹನಾಯಿ ಹಚ್ಚಂದ್ರ ಇದೇನ್ ಹಚ್ಚಿ ಕುಂತೀಯೋ? ನಿನ್ನಿಂದ ನನ್ನ ಮಗಳ ಮದುವಿ ಮುರೀತೈತಿ ಈಗ!"

ಎಲ್ಲರೂ ಅವನನ್ನು ನೋಡಿದರು. ಆತ ತಲೆ ತಗ್ಗಿಸಿದ. ಅಕ್ಕಾರ ಹೇಳಿದ್ರು ಎಂದು ಒಂದು ಮಾತು ಅನ್ನಬಹುದಿತ್ತು, ಅನ್ನಲಿಲ್ಲ. ನಾನೂ ಸುಮ್ಮನಿದ್ದೆ. ಮೈಕಿನವನ ತಪ್ಪು ಎಂದಾದರೆ ಬೀಗರು ಸಮಾಧಾನಗೊಳ್ಳುತ್ತಾರೆ, ಮದುವೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದು ಸುಳ್ಳಲ್ಲ. ಆದರೆ ಆ ಬಗ್ಗಿದ ತಲೆ ನೋಡಲಾಗಲಿಲ್ಲ.

"ಅವನ ತಪ್ಪಲ್ರಿ, ನಂದು" ಎಂದೆ. "ಹಾಡು ಪೂರ್ತಿ ಹಚ್ಚಂತ ನಾನ ಹೇಳಿದೆ. ಕೇಳ್ಕೋತ ಕುಂತೆ. ನೀವು ಬಂದದ್ದು ನನಗ ಗೊತ್ತಾಗಲಿಲ್ರಿ."

"ತಂಗಿ ಮದುವಿ ಬಿಟ್ಟು ಹಾಡು ಕೇಳಾಕ ಕುಂತಿದ್ದಿಯೇನವಾ?" ಶಿವಪ್ಪನವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು.

"ಹೌದ್ರಿ."

ಆಗ ಬಸ್ಸಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದ ಗಂಡಿನ ಅಜ್ಜಿ ಬಾಯಿ ತೆಗೆದರು.

"ಖರೇನರ ಹೇಳ್ಯಾಳಲ್ಲಪಾ ಶಿವಪ್ಪಾ. ನಾನೂ ಬಸ್ಸಿನ್ಯಾಗ ಕುಂತು ಕೇಳಿದೆ. ಯಾವ ಊರಾಕಿನೋ ಏನೋ, ಬೀಸುಕಲ್ಲ ಮುಂದ ಕುಂತು ಹಾಡಿದಂಗ ಹಾಡ್ಯಾಳ. ನನ್ನ ಮೊಣಕಾಲು ಹಿಡದಾವ, ತಿರುಗಿ ಸಾಲಹಳ್ಳಿಗೆ ಹೋಗಾಕ ನನ್ನ ಕಡೆ ಆಗಂಗಿಲ್ಲ. ಆರತಿ ತಾರವಾ."

ಹಿರಿಯರೇ ಇಳಿದ ಮೇಲೆ ಉಳಿದವರು ಬಸ್ಸಿನಲ್ಲಿ ಹೇಗೆ ಕೂತಾರು? ಕಾಲಿಗೆ ನೀರು ಕೊಟ್ಟು ಆರತಿ ಬೆಳಗಿದೆ. ಒಳಗೆ ಶಹನಾಯಿ ಶುರುವಾಯಿತು. ಆಮೇಲೆ ಅಪ್ಪನೇ ರಾಜೇಸಾಬನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡು ಊಟ ಮಾಡಿದರು.

ಆದರೆ ಸುದ್ದಿ ರೂಪಾಳ ಕಿವಿಗೂ ಬಿದ್ದಿತ್ತು. ಸಂಜೆ ಗಂಡನ ಮನೆಗೆ ಹೊರಟಾಗ ನನ್ನನ್ನು ತಬ್ಬಿಕೊಳ್ಳಲಿಲ್ಲ. ಮೂರು ತಿಂಗಳು ಫೋನ್ ಮಾಡಲಿಲ್ಲ. ನಾಗರ ಪಂಚಮಿಗೆ ತವರಿಗೆ ಬಂದಾಗ ನನ್ನ ಮನೆಗೂ ಬಂದು, ಮಷಿನ್ ಹತ್ತಿರ ಕುಳಿತು ಕೇಳಿದಳು, "ಖರೇ ಹೇಳಕ್ಕಾ. ಅವತ್ತು ಆ ಹೊತ್ತಿನ್ಯಾಗ ನಿನಗ ನಾ ನೆನಪಾಗಲೇ ಇಲ್ಲೇನು?"

"ಇಲ್ಲ" ಎಂದೆ.

ಆ ಹಾಡು ಕೇಳಿಸು ಎಂಬಂತೆ ಆಕೆ ಕೈ ಚಾಚಿದಳು. ರಾಜೇಸಾಬ್ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ ಆ ಹಾಡನ್ನು ಹಚ್ಚಿ ಇಯರ್‌ಫೋನ್ ಕೊಟ್ಟೆ. ಕೊನೆಯ ಗುನುಗು ಮುಗಿಯುವವರೆಗೂ ಕೇಳಿ ಕಣ್ಣೊರೆಸಿಕೊಂಡಳು. "ಆದ್ರೂ ನೀ ಬಾಗಲಕ್ಕ ಬರಬೇಕಾಗಿತ್ತಕ್ಕಾ" ಎಂದಳು.

ಬರಬೇಕಾಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಆದರೆ ಆ ಏಳು ನಿಮಿಷ ನಾನು ಯಾರ ಅಕ್ಕನೂ, ಯಾರ ಹೆಂಡತಿಯೂ, ಯಾರ ತಾಯಿಯೂ ಆಗಿರಲಿಲ್ಲ. ಅಷ್ಟು ಹಗುರವಾಗಿ, ಅಷ್ಟು ಸುಖವಾಗಿ ಬದುಕಿನಲ್ಲಿ ಇನ್ನೆಂದೂ ಇದ್ದ ನೆನಪಿಲ್ಲ. ಅದೊಂದನ್ನು ಮಾತ್ರ ರೂಪಾಳಿಗೆ ಹೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.