ಸೀಮೆಎಣ್ಣೆ ಕುಡಿದ ಬ್ರೇಕು

ಮೌಳಂಗಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಪೆಡಲು ಸೀದಾ ನೆಲಕ್ಕೆ ಹೋಯಿತು. ನಮ್ಮ ಕಟ್ಟಿಗೆ ಡಿಪೋದ ಜೀಪು ಮುಂದಿದ್ದ ಹುಲ್ಲಿನ ಚಕ್ಕಡಿಯೊಳಗೆ ಮೂತಿ ತೂರಿಸಿಯೇ ನಿಂತಿತು. ಪಕ್ಕದಲ್ಲಿದ್ದ ಸಾಹೇಬರು ತಲೆಯ ಮೇಲಿನ ಹುಲ್ಲು ಕೊಡವಿಕೊಂಡು ನನ್ನನ್ನೇ ನೋಡಿದರು.

ಬ್ರೇಕಿನ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸವೆದಿದೆಯೆಂದು ತೆಗೆದು ಹೊಸದು ಹಾಕಿದ ಜಾಣ ನಾನೇ. ಹಾಕುವ ಮುನ್ನ, ಬೇರಿಂಗ್ ತೊಳೆಯುವ ಹಾಗೆ, ಅದನ್ನೂ ಸೀಮೆಎಣ್ಣೆಯಲ್ಲಿ ಚೊಕ್ಕವಾಗಿ ತೊಳೆದಿದ್ದೆ. ಸೀಮೆಎಣ್ಣೆ ಕುಡಿದ ರಬ್ಬರ್ ವಾರದೊಳಗೆ ಉಬ್ಬಿ ಹರಿದು, ಬ್ರೇಕಿನ ಎಣ್ಣೆಯೆಲ್ಲ ಸೋರಿಹೋಗಿತ್ತು.

ಚಕ್ಕಡಿ ಹೊಡೆಯುತ್ತಿದ್ದ ಅಜ್ಜ ಇಳಿದು ಬಂದು, "ನಿಮ್ಮ ಗಾಡಿಗೆ ಬ್ರೇಕ್ ಇಲ್ಲೇನ್ರಿ?" ಎಂದ.

"ಐತಿ ಅಜ್ಜಾ, ಹೊಸಾದು ಹಾಕೇನಿ," ಎಂದೆ.

ಅಜ್ಜ ಎತ್ತಿನ ಬೆನ್ನು ಸವರುತ್ತ, "ಹಂಗಾದ್ರ ಹಳೇದನ್ನ ಹಾಕ್ರಿ," ಎಂದ.

ರಬ್ಬರ್ ಬದಲಿಸಿದ ದಿನ ಇಳಿಜಾರು ಬಂದರೆ, ನನ್ನ ಕಣ್ಣು ಈಗಲೂ ಮೊದಲು ಹುಡುಕುವುದು ಹುಲ್ಲಿನ ಚಕ್ಕಡಿಯನ್ನು.