ಬೂತಾಯಿಯ ಹರಕೆ

ಆಗೆಲ್ಲ, ಅರುವತ್ತರ ದಶಕದ ಆ ಮೊದಲ ವರ್ಷಗಳಲ್ಲಿ, ಸೋಣ ತಿಂಗಳು ಕಳೆದು ಮಳೆ ಹಿಂದಾದ ಮೇಲೆ ಬರುವ ಬೂತಾಯಿ ಮೀನಿಗೆ ಎಣ್ಣೆಯೇ ಬೇಕಾಗುತ್ತಿರಲಿಲ್ಲ. ಕಾವಲಿಗೆ ಇಟ್ಟರೆ ಅದರ ಕೊಬ್ಬು ತಾನೇ ಕರಗಿ ಚೊರ್ರೆನ್ನುತ್ತಿತ್ತು. ಗುರುವಾಯನಕೆರೆಯ ತಿರುವಿನಲ್ಲಿ ಸೈಕಲ್ ಮೀನಿನವನ ಹಾರ್ನ್ ಕೇಳಿದರೆ ಸಾಕು, ನಾನು ಚಟ್ಟಿ ಹಿಡಿದು ಓಡುತ್ತಿದ್ದೆ. ನನ್ನಷ್ಟು ಮೀನಿನ ಮರುಳು ಮನೆಯಲ್ಲಿ ಇನ್ಯಾರಿಗೂ ಇರಲಿಲ್ಲ.

ನಾನು ಐದನೆಯ ಕ್ಲಾಸಿನಲ್ಲಿದ್ದಾಗ, ಹೊಲಿಗೆ ಅಂಗಡಿಯಲ್ಲಿ ಕೂತಿದ್ದ ಅಪ್ಪನಿಗೆ ಎದೆನೋವು ಬಂತು. ಬಂಟ್ವಾಳದ ಡಾಕ್ಟರು ಕೊಬ್ಬು ತಿನ್ನಬೇಡಿ ಎಂದರಂತೆ. ಯಾವ ಕೊಬ್ಬು ಎಂದು ಅಮ್ಮ ಕೇಳಲಿಲ್ಲ, ಅವಳ ಕಣ್ಣ ಮುಂದೆ ಬಂದದ್ದು ಮೀನಿನ ಕೊಬ್ಬು ಕರಗುವ ನಮ್ಮ ಕಾವಲಿ. ಅಂದಿನಿಂದ ಮನೆಗೆ ಮೀನು ತರುವುದೇ ನಿಂತಿತು. ನಾನಂತೂ ದೈವದ ಕೋಣೆಯ ಮುಂದೆ ನಿಂತು, ಅಪ್ಪನ ಎದೆ ಪೂರಾ ಗುಣವಾಗುವವರೆಗೆ ಮೀನು ಮುಟ್ಟುವುದಿಲ್ಲವೆಂದು ಗಟ್ಟಿಯಾಗಿ ಹರಕೆ ಹೇಳಿಕೊಂಡೆ. ಅಪ್ಪನ ಕಣ್ಣು ಒದ್ದೆಯಾಯಿತು.

ಹುರುಳಿ ಸಾರಿನಲ್ಲೇ ದಿನ ತಳ್ಳಿದೆ. ಗೆಳತಿಯ ಮನೆಯಲ್ಲಿ ಬಡಿಸಲು ಬಂದರೂ ಬಟ್ಟಲು ಹಿಂದೆ ಎಳೆದುಕೊಂಡೆ. ಅಪ್ಪ ಪುನಃ ಮಿಷನ್ ತುಳಿಯತೊಡಗಿದಾಗ, ಅದು ನನ್ನಿಂದಲೇ ಆದದ್ದೆಂದು ನಂಬಿ ಊರಿಡೀ ಬೀಗಿಕೊಂಡು ನಡೆದೆ.

ಚಳಿ ಹಿಡಿದ ಮೇಲೆ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಅಂಗಳದಲ್ಲೇ ಮೀನಿನ ಹುಳಿಖಾರದ ಸಾರು, ಪುಳಿಮುಂಚಿಯ ಪರಿಮಳ ಮೂಗಿಗೆ ಬಡಿಯಿತು. ಒಳಗೆ ಅಪ್ಪ, ಅಮ್ಮ ಎದುರುಬದುರು ಕೂತು ಬೂತಾಯಿ ಉಣ್ಣುತ್ತಿದ್ದರು.

"ಡಾಕ್ಟ್ರು ಮೀನು ಬೇಡ ಅಂತ ಹೇಳಲೇ ಇಲ್ಲ ಮಗಾ," ಎಂದರು ಅಪ್ಪ, ತಲೆ ಎತ್ತದೆ. "ತುಪ್ಪ, ಎಣ್ಣೆಯಲ್ಲಿ ಕಾಯಿಸಿದ್ದು ಬೇಡ ಅಂದದ್ದು. ಮೊನ್ನೆ ಪುನಃ ಕೇಳಿ ಬಂದೆ."

ಕೆದಕಿ ಕೇಳಿದರೆ, ಅಪ್ಪನ ಆ ‘ಮೊನ್ನೆ’ ದೀಪಾವಳಿಗೂ ಮೊದಲೇ ಆಗಿತ್ತು. ನಾನು ಶಾಲೆಗೆ ಹೋದ ಮೇಲೆ ಮೀನು ಬೇಯುತ್ತಿತ್ತು, ಬರುವುದರೊಳಗೆ ಚಟ್ಟಿ ಬೂದಿ ಹಾಕಿ ತಿಕ್ಕಿ ಆಗುತ್ತಿತ್ತು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹರಕೆ ಹೇಳಿದ್ದು ನೀನಲ್ವಾ?" ಎಂದಳು ಅಮ್ಮ. "ಗೊತ್ತಾದ್ರೆ ನೀನೂ ತಿಂತಿದ್ದಿ. ಮತ್ತೆ ಅಪ್ಪನಿಗೆ ಏನಾದ್ರೂ ಆದ್ರೆ? ಒಬ್ಬಳಾದ್ರೂ ಹಿಡ್ಕೊಂಡಿರ್ಲಿ ಅಂತ."

ನನ್ನ ಹರಕೆಯನ್ನು ಬಾಗಿಲಲ್ಲಿ ಪಹರೆಗೆ ನಿಲ್ಲಿಸಿ ಅವರು ಒಳಗೆ ಊಟ ಮಾಡಿದ್ದರು. ಅಷ್ಟು ಸಿಟ್ಟು ನನಗೆ ಆಮೇಲೆ ಯಾರ ಮೇಲೂ ಬಂದಿಲ್ಲ. ಆದರೂ ಹರಕೆ ಮುರಿಯುವ ಧೈರ್ಯವಾಗಲಿಲ್ಲ. ಅಪ್ಪನಿಗೆ ಬೆನ್ನು ಹಾಕಿ ಕೂತು ಅಂದೂ ಹುರುಳಿ ಸಾರೇ ಉಂಡೆ.

ಅಪ್ಪ ತುಂಬ ವರ್ಷ ಬದುಕಿದರು. ಈಗ ಎದೆನೋವಿನ ಮಾತ್ರೆ ನನಗೇ ಬಂದಿದೆ. ಬೂತಾಯಿಯ ಕೊಬ್ಬು ಹೃದಯಕ್ಕೆ ಒಳ್ಳೆಯದು, ಸಾರು ಮಾಡಿ ತಿನ್ನಿ ಎನ್ನುತ್ತಾರೆ ಡಾಕ್ಟರು. ತುಪ್ಪ ಬೇಡ, ಕರಿದದ್ದು ಬೇಡ. ಅದನ್ನೆಲ್ಲ ಮನೆಯವರು ನನ್ನೆದುರೇ ಕೂತು ತಿನ್ನುತ್ತಾರೆ. ನನಗೆ ಗೊತ್ತಾಗದಂತೆ ತಿನ್ನಬೇಕೆಂದು ಯಾರಿಗೂ ಅನಿಸುವುದಿಲ್ಲ. ನನ್ನ ಹೆಸರಿನಲ್ಲಿ ಹರಕೆ ಹೇಳಿ ಏನನ್ನಾದರೂ ತಿನ್ನದೆ ಬಿಟ್ಟವರು ಈ ಮನೆಯಲ್ಲಿ ಒಬ್ಬರೂ ಇಲ್ಲ.