ಕಳ್ಳನ ರಜೆಯ ಟಿಕೆಟ್

ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಪೂರ್ತಿ ಬರುವುದಿಲ್ಲ. ನನಗೆ ಇಂಗ್ಲಿಷ್ ಬಾಯಿಗೆ ಬರುತ್ತದೆ, ಎಷ್ಟೋ ಸಲ ತಿಳಿಯುವುದಿಲ್ಲ. ಹೀಗಾಗಿ ಅವಳ ಹೋಮ್‌ವರ್ಕಿನ ಹತ್ತಿರ ನನ್ನನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. ಅವತ್ತು ಹೆಂಡತಿಗೆ ಇಲ್ಲಿ ಕುವೈತಿನ ಜಾಬ್ರಿಯಾದ ಆಸ್ಪತ್ರೆಯಲ್ಲಿ ಸಂಜೆಯ ಡ್ಯೂಟಿ. ಬೇರೆ ಗತಿಯಿಲ್ಲದೆ ಮಗಳು ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು.

ಪಾಠದಲ್ಲಿ ಒಬ್ಬ ಲಂಡನ್ನಿನ ಕಳ್ಳನಿದ್ದ. ಒಂದು ತುಂಡು ಬಟ್ಟೆ ಕದ್ದದ್ದಕ್ಕೆ ಆ ಕಾಲದ ಸರ್ಕಾರ ಅವನನ್ನು ಹಡಗಿಗೆ ಹಾಕಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತ್ತು. ಮಕ್ಕಳು ತಾವೇ ಆ ಕಳ್ಳ ಅಂದುಕೊಂಡು ಕ್ಲಾಸಿನಲ್ಲಿ ನಿಂತು ಮಾತಾಡಬೇಕು ಎಂದು ಟೀಚರ್ ಹೇಳಿದ್ದರು.

“ಅಪ್ಪಾ, ಹೀ ವಾಸ್ ಟ್ರಾನ್ಸ್‌ಪೋರ್ಟೆಡ್. ಸೆವೆನ್ ಇಯರ್ಸ್,” ಎಂದಳು.

“ಯಾವ ಕಂಪನ್ಯಾಗ?” ಎಂದೆ.

ನಾವಿರುವ ಅಬ್ಬಾಸಿಯಾದಲ್ಲಿ ಟ್ರಾನ್ಸ್‌ಪೋರ್ಟ್ ಎಂದರೆ ಡ್ರೈವರ್ ಕೆಲಸ, ಇನ್ನೇನೂ ಅಲ್ಲ. ಮಗಳು ಸೋಫಾದ ಮೇಲೆ ಉರುಳಾಡಿ ನಕ್ಕಳು. ಆಮೇಲೆ ದೊಡ್ಡ ಮನಸ್ಸು ಮಾಡಿ ತಿಳಿಸಿ ಹೇಳಿದಳು. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ, ಕಾಲಿಗೆ ಸರಪಳಿ. ಇಳಿದ ಮೇಲೆ ಅವನನ್ನು ಒಬ್ಬ ಜಮೀನುದಾರನ ಕೈಗೆ ಒಪ್ಪಿಸುತ್ತಾರೆ. ಅವನ ಅಪ್ಪಣೆಯಿಲ್ಲದೆ ಎಲ್ಲಿಗೂ ಹೋಗುವ ಹಾಗಿಲ್ಲ.

“ಕಫೀಲ್,” ಎಂದೆ. ವೀಸಾ ಕೊಟ್ಟು ಕರೆಸಿಕೊಂಡ ಧಣಿಗೆ ಇಲ್ಲಿ ಹಾಗೆನ್ನುತ್ತಾರೆ.

“ನೋ ಅಪ್ಪಾ, ಮಾಸ್ಟರ್.”

“ಅದನ್ನ ಹೇಳಿದ್ನೆವ್ವಾ.”

ಇನ್ನೊಂದು ವಿಷಯ ಹೇಳಿದಳು. ಕೈದಿಗಳ ಮೇಲ್ವಿಚಾರಣೆಗೆ ನಿಲ್ಲಿಸುತ್ತಿದ್ದದ್ದು ಹೆಚ್ಚಾಗಿ ಕೈದಿಗಳನ್ನೇ. ನನಗೆ ನಮ್ಮ ಮ್ಯಾನೇಜರನ ಮುಖ ನೆನಪಾಯಿತು.

ಕಳ್ಳ ಒಳ್ಳೆಯ ನಡತೆ ತೋರಿಸಿದನಂತೆ. ಕೆಲವು ವರ್ಷಕ್ಕೆ ಅವನಿಗೆ “ಟಿಕೆಟ್ ಆಫ್ ಲೀವ್” ಸಿಕ್ಕಿತಂತೆ. ಇದು ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದ. ಎರಡು ವರ್ಷಕ್ಕೊಮ್ಮೆ ಕಂಪನಿ ರಜೆಯ ಜೊತೆ ವಿಮಾನದ ಟಿಕೆಟ್ ಕೊಡುತ್ತದೆ, ಅದನ್ನು ನಾವು ಲೀವ್ ಟಿಕೆಟ್ ಎನ್ನುತ್ತೇವೆ.

“ಅಂತೂ ಊರಿಗೆ ಹೋದ್ನಪಾ ಪುಣ್ಯಾತ್ಮ,” ಎಂದೆ.

“ಇಲ್ಲ ಅಪ್ಪಾ. ಅಲ್ಲೇ ಎಲ್ಲಾದ್ರೂ ವರ್ಕ್ ಮಾಡ್ಬೋದು, ದುಡ್ಡು ಇಟ್ಕೋಬೋದು. ಬಟ್ ಹೋಮ್ ಹೋಗೋ ಹಾಗಿಲ್ಲ.”

“ಮತ್ತ ಅದಕ್ಕ ಲೀವ್ ಅಂತ ಯಾಕಂತಾರ?”

ಅವಳು ಪುಸ್ತಕ ತಿರುವಿಹಾಕಿ ಹುಡುಕಿದಳು.

ನನ್ನ ಲೀವ್ ಟಿಕೆಟ್ ಆಗಲೇ ಫೋನಿಗೆ ಬಂದಿತ್ತು. ಗದಗಿನಲ್ಲಿ ತಂಗಿಯ ಮದುವೆ. ಅಪ್ಪ ಹೋದಾಗ ಅವಳಿನ್ನೂ ಪಾಟಿಚೀಲ ಹಿಡಿದು ಶಾಲೆಗೆ ಹೋಗುವ ಹುಡುಗಿ. ಓದಿಸಿದವನು ನಾನು, ಗಂಡು ನೋಡಿದವನು ನಾನು, ಧಾರೆ ಎರೆದು ಕೊಡಬೇಕಾದವನೂ ನಾನು. ಆದರೆ ಈಗಿನ ನಿಯಮ ಬೇರೆ. ದೇಶದಿಂದ ಹೊರಗೆ ಕಾಲಿಡಬೇಕಾದರೆ ಕಂಪನಿ ಒಪ್ಪಿಗೆ ಕೊಡಬೇಕು. ನಮ್ಮಲ್ಲಿ ಆ ಒಪ್ಪಿಗೆಯ ಬಟನ್ ಒತ್ತುವುದು ಮ್ಯಾನೇಜರನ ಬೆರಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಶರ್ಕ್ ಬಡಾವಣೆಯ ಆಫೀಸ್ ಟವರುಗಳಲ್ಲಿ ಲಿಫ್ಟ್ ರಿಪೇರಿ ನನ್ನ ಕೆಲಸ. ನನ್ನ ಜೊತೆಯವನು ಕೆಲಸ ಬಿಟ್ಟು ಹೋಗಿದ್ದ, ಬದಲಿಗೆ ಯಾರೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ಮ್ಯಾನೇಜರ್ “ಭಾಯಿ, ಬುಕ್ರಾ” ಎನ್ನುತ್ತಿದ್ದ. ಬುಕ್ರಾ ಎಂದರೆ ನಾಳೆ. ಕುವೈತಿನಲ್ಲಿ ಅದಕ್ಕಿಂತ ಉದ್ದದ ಅವಧಿ ಇಲ್ಲ. ಕೊನೆಗೊಂದು ದಿನ ಅವನ ಟೇಬಲ್ ಹಿಡಿದು ನಿಂತೆ.

“ತೂ ಜಾಯೇಗಾ ತೋ ಲಿಫ್ಟ್ ಕೌನ್ ದೇಖೇಗಾ? ಶಾದಿ ತೋ ಹೋ ಜಾಯೇಗಿ, ಭಾಯಿ,” ಎಂದ.

ನಾನಿಲ್ಲದೆ ಲಿಫ್ಟ್ ನಡೆಯುವುದಿಲ್ಲ, ತಂಗಿಯ ಮದುವೆ ನಡೆಯುತ್ತದೆ. ಅವನೂ ನಮ್ಮ ದೇಶದವನೇ, ಊರು ಕಾಣದೆ ಅವನಿಗೂ ಮೂರು ವರ್ಷ. ಆದರೂ ಆ ಮಾತಿಗೆ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ನನ್ನದೂ ಒಳ್ಳೆಯ ನಡತೆಯೇ.

ಆ ವಾರವೆಲ್ಲ ಸಂಜೆ ಮಗಳಿಗೆ ಕಳ್ಳನ ಕಥೆ ಹೇಳಿದೆ. ಅವನಿಗೊಬ್ಬಳು ತಂಗಿ ಇದ್ದಳು ಎಂದೆ. ಅವಳ ಮದುವೆಗೆ ಬಿಡು ಎಂದು ಮಾಸ್ಟರನ ಮನೆಬಾಗಿಲಿಗೆ ಅಲೆದ ಎಂದೆ. ಬಿಸಿಲು, ಒಂದೇ ಕೋಣೆಯಲ್ಲಿ ಹತ್ತು ಜನರ ಬೆವರು, ಮುದ್ದೆಯಾದ ಅನ್ನ, ನಾನು ಬ್ಯಾಚುಲರ್ ರೂಮಿನಲ್ಲಿದ್ದಾಗಿನದೆಲ್ಲ ಅವನ ತಲೆಗೆ ಕಟ್ಟಿದೆ. ಮಗಳು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಹೋದಳು.

ಮದುವೆಯ ದಿನ ಟವರಿನ ತುದಿಯಲ್ಲಿ, ಲಿಫ್ಟಿನ ಮೋಟರಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ. ಕಾಕಾ, ಕಾಕು ನಮ್ಮ ಜಾಗದಲ್ಲಿ ನಿಂತಿದ್ದರು. ತಂಗಿ ಒಮ್ಮೆ ತಲೆ ಎತ್ತಿ ಫೋನಿನ ಕಡೆ ನೋಡಿದಳು. ಅಷ್ಟರಲ್ಲಿ ಫೋನ್ ಹಿಡಿದಿದ್ದ ಪುಣ್ಯಾತ್ಮ ಯಾರೊಡನೆಯೋ ಮಾತಿಗಿಳಿದು ಅಡುಗೆಮನೆಯ ಕಡೆ ತಿರುಗಿದ. ಧಾರೆ ಎರೆಯುವ ಹೊತ್ತಿಗೆ ನನಗೆ ಕಂಡದ್ದು ಬುಂದಿಯ ಬುಟ್ಟಿ. ಮೋಟರಿನ ಸದ್ದಿನಲ್ಲಿ ಅತ್ತುಬಿಟ್ಟೆ, ಮತ್ತೆ ಕೆಳಗಿನಿಂದ ಕರೆ ಬಂತು, ಎದ್ದು ಹೋದೆ.

ಒಪ್ಪಿಗೆ ಮರುದಿನ ಬಂತು. “ಖಲಾಸ್ ಭಾಯಿ, ಅಪ್ರೂವ್ಡ್,” ಎಂದು ಮ್ಯಾನೇಜರ್ ಬೆನ್ನು ತಟ್ಟಿದ.

“ಈಗ ಹೋಗಿ ಏನ್ಮಾಡ್ತೀರಿ, ಉಂಡ ಎಲಿ ಎತ್ತಾಕ?” ಎಂದಳು ಹೆಂಡತಿ. ನಾನು ಹೋಗಲಿಲ್ಲ.

ಮುಂದಿನ ವಾರ ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಭಾಷಣಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಆದರೂ ಟೀಚರ್ ಎರಡು ಮಾರ್ಕ್ಸ್ ಕಳೆದಿದ್ದರು.

“ಎದಕ್ಕವ್ವಾ?”

“ಹೀ ಸಫರ್ಡ್ ಸೋ ಮಚ್, ಬಟ್ ವಾಟ್ ವಾಸ್ ಹಿಸ್ ಕ್ರೈಮ್, ಅಂತ ಕೇಳಿದ್ರು. ಅಪ್ಪಾ, ನೀನು ಎಲ್ಲಾ ಹೇಳ್ದೆ. ಅವ್ನು ಕದ್ದಿದ್ದು ಮಾತ್ರ ಹೇಳ್ಲೇ ಇಲ್ಲ.”